ಸುಟ್ಟ ಬೋರ್ಡಿಗೆ ಏನು ಹಚ್ಚಬೇಕು ಅನ್ನುವ ಮೊದಲು

ಪ್ರಶ್ನೆ: ನಮ್ಮದು ಉಡುಪಿ. ಎಂಬತ್ತರ ದಶಕದಲ್ಲಿ ತಂದೆಯವರು ಗಲ್ಫ್‌ನಿಂದ ತಂದ ಜಪಾನಿ ಸ್ಟೀರಿಯೋ ಆಂಪ್ಲಿಫೈಯರ್ ಇದೆ. ಆನ್ ಮಾಡಿ ಅರ್ಧ ಗಂಟೆ ಆದಮೇಲೆ ಎರಡೂ ಸ್ಪೀಕರ್‌ನಲ್ಲಿ ಚರಚರ ಸದ್ದು ಶುರುವಾಗುತ್ತದೆ, ಮಳೆಗಾಲದಲ್ಲಂತೂ ಜಾಸ್ತಿ. ಒಳಗೆ ಎರಡು ರೆಸಿಸ್ಟರ್‌ಗಳ ಕೆಳಗೆ ಬೋರ್ಡು ಸುಟ್ಟು ಕಪ್ಪಾಗಿದೆ, ಹಿಂಬದಿಯ ತಾಮ್ರದ ಗೆರೆ, ಅಂದರೆ ಟ್ರ್ಯಾಕ್, ಎದ್ದು ಬಂದಿದೆ. ರಿಪೇರಿಯವರು ರೆಸಿಸ್ಟರ್ ಬದಲಿಸಿ, ಕಪ್ಪಾದ ಜಾಗಕ್ಕೆ ಎಂ-ಸೀಲ್ ಮೆತ್ತಿ ಕೊಟ್ಟರು. ಸ್ವಲ್ಪ ದಿನ ಸರಿಯಿತ್ತು, ಈಗ ಮತ್ತೆ ಅದೇ ಕತೆ. ನನಗೆ ಸೋಲ್ಡರಿಂಗ್ ಬರುತ್ತದೆ. ನಾನೇ ಮಾಡಬಹುದಾ? ಇನ್ಸುಲೇಷನ್‌ಗೆ ಏನು ಹಚ್ಚಬೇಕು? ನೇಲ್ ಪಾಲಿಶ್ ಸಾಕು ಅಂತಾರೆ ಕೆಲವರು.

ಉತ್ತರ: ಮಾಡಬಹುದು, ಧಾರಾಳವಾಗಿ. ಆದರೆ ಏನು ಹಚ್ಚಬೇಕು ಅನ್ನುವುದು ಈ ಕೆಲಸದ ಕೊನೆಯ ಐದು ನಿಮಿಷದ ಮಾತು. ಅದನ್ನೇ ಮೊದಲು ಮಾಡಿದ್ದಕ್ಕೆ ನಿಮ್ಮ ಸೆಟ್ಟು ಮತ್ತೆ ಕೈಕೊಟ್ಟಿದೆ. ಎಂ-ಸೀಲ್‌ನದೇನೂ ತಪ್ಪಿಲ್ಲ ಪಾಪ, ಅದರ ಕೆಳಗೆ ಕರಕಲನ್ನು ಹಾಗೇ ಬಿಟ್ಟು ಮುಚ್ಚಿದ್ದು ತಪ್ಪು.

ಆ ಕಾಲದ ಬಹಳಷ್ಟು ಆಂಪ್ಲಿಫೈಯರ್‌ಗಳಲ್ಲಿ ಇರುವುದು ಕಂದು ಬಣ್ಣದ ಫಿನಾಲಿಕ್ ಬೋರ್ಡು. ಕಾಗದದ ಪದರಗಳನ್ನು ರಾಳದಲ್ಲಿ ನೆನೆಸಿ, ಬಿಸಿ ಮಾಡಿ ಒತ್ತಿ ಮಾಡಿದ್ದು. ಚೆನ್ನಾಗಿರುವಾಗ ಒಳ್ಳೆ ಇನ್ಸುಲೇಟರ್. ವರ್ಷಗಟ್ಟಲೆ ಬಿಸಿ ತಾಗಿದರೆ ಮೊದಲು ಗಾಢ ಕಂದು ಆಗುತ್ತದೆ, ಆಮೇಲೆ ಕಪ್ಪು. ಕಪ್ಪು ಅಂದರೆ ಇಂಗಾಲ. ಇಂಗಾಲದಲ್ಲಿ ಕರೆಂಟು ಹರಿಯುತ್ತದೆ, ಹಳೇ ಕಾರ್ಬನ್ ರೆಸಿಸ್ಟರ್ ಮಾಡುತ್ತಿದ್ದದ್ದೇ ಅದರಿಂದ ಅಲ್ವಾ? ಅಂದರೆ ಈಗ ನಿಮ್ಮ ಬೋರ್ಡಿನಲ್ಲಿ ಸರ್ಕ್ಯೂಟ್ ನಕ್ಷೆಯಲ್ಲಿ ಎಲ್ಲೂ ಇಲ್ಲದ ಒಂದು ರೆಸಿಸ್ಟರ್ ತಾನಾಗಿ ಹುಟ್ಟಿಕೊಂಡಿದೆ. ಅದು ಎಷ್ಟು ಓಮ್ ಅನ್ನುವುದೂ ಸ್ಥಿರವಾಗಿಲ್ಲ. ಬಿಸಿಯಾದರೆ ಒಂದು, ಮಳೆಗಾಲದ ತೇವ ಕುಡಿದರೆ ಇನ್ನೊಂದು. ನಿಮಗೆ ಕೇಳಿಸುವ ಚರಚರ ಬಹುಪಾಲು ಅದೇ.

ಎರಡೂ ಸ್ಪೀಕರ್‌ನಲ್ಲಿ ಬರುತ್ತದೆ ಅಂದಿರಲ್ಲ, ಅದು ಒಳ್ಳೆ ಸುಳಿವು. ಎರಡೂ ಚಾನೆಲ್‌ಗೆ ಸಮಾನವಾದ ಜಾಗ ಅಂದರೆ ಪವರ್ ಸಪ್ಲೈ. ಜೋಡಿ ರೆಸಿಸ್ಟರ್ ಪಕ್ಕಪಕ್ಕ ಸುಟ್ಟಿವೆ ಅಂದರೆ, ಮುಖ್ಯ ಸಪ್ಲೈಯಿಂದ ಟೋನ್ ಕಂಟ್ರೋಲ್ ಮತ್ತು ಪ್ರೀಆಂಪ್‌ಗೆ ಪ್ಲಸ್ 15, ಮೈನಸ್ 15 ವೋಲ್ಟ್ ಇಳಿಸಿ ಕೊಡುವ ರೆಸಿಸ್ಟರ್‌ಗಳೇ ಇರಬೇಕು. ಪಕ್ಕದಲ್ಲೇ ಒಂದೊಂದು ಝೀನರ್ ಡಯೋಡ್ (ವೋಲ್ಟೇಜನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ ಪಾರ್ಟು) ಅಥವಾ ಸಣ್ಣ ಟ್ರಾನ್ಸಿಸ್ಟರ್ ಇದ್ದರೆ ಅನುಮಾನವೇ ಬೇಡ.

ಈಗ ಅವು ಯಾಕೆ ಸುಡುತ್ತವೆ ಅಂತ ಸ್ವಲ್ಪ ಲೆಕ್ಕ ಹಾಕೋಣ, ಯಾಕೆಂದರೆ ಕಾರಣ ಬಿಟ್ಟು ಬೋರ್ಡು ಮಾತ್ರ ಸರಿಮಾಡಿದರೆ ಹೊಸ ಬೋರ್ಡೂ ಕಪ್ಪಾಗುತ್ತದೆ. ಮುಖ್ಯ ಸಪ್ಲೈ 40 ವೋಲ್ಟ್, ಬೇಕಾದ್ದು 15, ರೆಸಿಸ್ಟರ್ 820 ಓಮ್ ಅಂತಿಟ್ಟುಕೊಳ್ಳಿ. ಅದರ ಮೇಲೆ ಬೀಳುವುದು 25 ವೋಲ್ಟ್. 25ರ ವರ್ಗವನ್ನು 820ರಿಂದ ಭಾಗಿಸಿದರೆ ಸುಮಾರು 0.76 ವಾಟ್. ಕಂಪನಿಯವರು 1 ವಾಟಿನ ರೆಸಿಸ್ಟರ್ ಹಾಕಿರುತ್ತಾರೆ, ಲೆಕ್ಕಕ್ಕೆ ಸರಿ. ಆದರೆ 1 ವಾಟಿನದ್ದು ಮುಕ್ಕಾಲು ವಾಟಿನಲ್ಲಿ ದುಡಿಯುವಾಗ ಅದರ ಮೈ 100 ಡಿಗ್ರಿ ದಾಟುತ್ತದೆ, ಮತ್ತು ಅದನ್ನು ಬೋರ್ಡಿಗೆ ಒರಗಿಸಿ ಕೂರಿಸಿರುತ್ತಾರೆ.

ಇಲ್ಲಿ ಗಲ್ಫ್‌ನಿಂದ ಬಂದ ಸೆಟ್ಟುಗಳದ್ದೇ ಒಂದು ವಿಷಯ ಇದೆ. ನಿಮ್ಮ ಆಂಪ್ಲಿಫೈಯರ್‌ನ ಹಿಂದೆ ವೋಲ್ಟೇಜ್ ಸೆಲೆಕ್ಟರ್ ಇದೆಯಾ ನೋಡಿ. ಅದು 220ರಲ್ಲಿ ಕೂತಿದ್ದು, ನಿಮ್ಮ ಮನೆಯಲ್ಲಿ 240 ಬರುತ್ತಿದ್ದರೆ, ಹೆಚ್ಚಾಗಿದ್ದು ನೂರಕ್ಕೆ ಒಂಬತ್ತು, ಅಷ್ಟೇನಾ ಅನ್ನಿಸುತ್ತದೆ. ಆದರೆ 40 ವೋಲ್ಟ್ ಈಗ 43.6 ಆಯಿತು. ಝೀನರ್ 15ರಲ್ಲೇ ಹಿಡಿದು ನಿಲ್ಲಿಸುವುದರಿಂದ ಹೆಚ್ಚಾದದ್ದೆಲ್ಲ ರೆಸಿಸ್ಟರ್‌ನ ತಲೆ ಮೇಲೆ. ಅದರ ಪಾಲಿಗೆ 28.6 ವೋಲ್ಟ್, ಅಂದರೆ ಹತ್ತಿರಹತ್ತಿರ 1 ವಾಟ್. ಮನೆಯ ವೋಲ್ಟೇಜ್ ಒಂಬತ್ತು ಪರ್ಸೆಂಟ್ ಏರಿದರೆ ರೆಸಿಸ್ಟರ್‌ನ ಬಿಸಿ ಮೂವತ್ತು ಪರ್ಸೆಂಟ್ ಏರಿತು! ಸೆಲೆಕ್ಟರ್‌ನಲ್ಲಿ 240 ಇದ್ದರೆ ಪ್ಲಗ್ ಕಿತ್ತು ಅಲ್ಲಿಗೆ ತಿರುಗಿಸಿಬಿಡಿ. ಖರ್ಚಿಲ್ಲದ ರಿಪೇರಿ ಇದು.

ಸರಿ, ಕೆಲಸಕ್ಕೆ ಇಳಿಯೋಣ. ಪ್ಲಗ್ ಕಿತ್ತರೆ ಸಾಲದು, ಎರಡು ದೊಡ್ಡ ಫಿಲ್ಟರ್ ಕೆಪಾಸಿಟರ್‌ಗಳು ಖಾಲಿಯಾಗಬೇಕು. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಟಪ್ ಅನ್ನಿಸುವ ಅಭ್ಯಾಸ ಇದ್ದರೆ ಬಿಟ್ಟುಬಿಡಿ, ಟ್ರ್ಯಾಕೂ ಹೋಗುತ್ತದೆ, ಕಣ್ಣಿಗೆ ಕಿಡಿಯೂ ಹಾರುತ್ತದೆ. 470 ಓಮ್ 5 ವಾಟಿನ ಸಿಮೆಂಟ್ ರೆಸಿಸ್ಟರ್‌ಗೆ ಎರಡು ವೈರ್ ಸೇರಿಸಿ, ಒಂದೊಂದು ಕೆಪಾಸಿಟರ್ ಮೇಲೂ ಅರ್ಧ ನಿಮಿಷ ಹಿಡಿಯಿರಿ. 10,000 ಮೈಕ್ರೋಫ್ಯಾರಡ್ ಇದ್ದರೂ ಅಷ್ಟರಲ್ಲಿ ಇಳಿಯುತ್ತದೆ. ಆಮೇಲೆ ಮೀಟರ್ ಇಟ್ಟು ಒಂದು ವೋಲ್ಟಿಗಿಂತ ಕಡಿಮೆ ಅಂತ ನೋಡಿಯೇ ಕೈ ಹಾಕಿ. ಬೋರ್ಡು ಬಿಚ್ಚುವ ಮೊದಲು ಎರಡೂ ಕಡೆಯಿಂದ ಫೋನಿನಲ್ಲಿ ಫೋಟೋ ತೆಗೆದಿಡಿ. ಕರಕಲು ಕೆರೆದ ಮೇಲೆ ಯಾವ ಟ್ರ್ಯಾಕ್ ಎಲ್ಲಿಗೆ ಹೋಗಿತ್ತು ಅಂತ ಹೇಳುವವರು ಯಾರೂ ಇರುವುದಿಲ್ಲ.

ಎಂ-ಸೀಲ್ ಮೊದಲು ಹೋಗಬೇಕು. ಹಾಟ್ ಏರ್ ಅಥವಾ ಹೇರ್ ಡ್ರೈಯರ್‌ನಿಂದ ಬಿಸಿ ಮಾಡುತ್ತಾ ಅಂಚಿನಿಂದ ಸ್ವಲ್ಪಸ್ವಲ್ಪ ಎಬ್ಬಿಸಿ. ಗಟ್ಟಿ ಎಳೆದರೆ ಒಳ್ಳೆಯ ಟ್ರ್ಯಾಕೂ ಅದರ ಜೊತೆ ಬರುತ್ತದೆ. ಆಮೇಲೆ ಸುತ್ತಲಿನ ಪಾರ್ಟ್ಸ್ ತೆಗೆದು ಕರಕಲನ್ನು ಕೆರೆಯಲು ಶುರು ಮಾಡಿ. ಕ್ರಾಫ್ಟ್ ನೈಫ್, ಸಣ್ಣ ಸೂಜಿ ಅರ, ಅಥವಾ ಕೈಯಲ್ಲಿ ಹಿಡಿಯುವ ಸಣ್ಣ ಗ್ರೈಂಡರ್. ಮಾಸ್ಕ್ ಕಡ್ಡಾಯ. ಬೋರ್ಡು ಫೈಬರ್ ಗ್ಲಾಸಿನದ್ದಾದರೆ ಆ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಫಿನಾಲಿಕ್ ಧೂಳೂ ಅಷ್ಟೇ.

ಎಲ್ಲಿವರೆಗೆ ಕೆರೆಯಬೇಕು? ಹಲ್ಲಿನ ಡಾಕ್ಟರು ಹುಳುಕು ಕೊರೆಯುವ ಹಾಗೆ, ಆರೋಗ್ಯವಾದ ಬಣ್ಣ ಕಾಣುವವರೆಗೆ. ಎಲ್ಲರೂ ಇಲ್ಲೇ ಜೀವ ಹಿಡಿಯುತ್ತಾರೆ, ಬೋರ್ಡಿನಲ್ಲಿ ತೂತಾಗುತ್ತದಲ್ಲ ಅಂತ. ಆಗಲಿ ಬಿಡಿ. ತೂತಿನಲ್ಲಿರುವುದು ಗಾಳಿ, ಕರಕಲಿಗಿಂತ ಗಾಳಿ ಎಷ್ಟೋ ಮೇಲು. ಆ ತೂತನ್ನು ಮುಚ್ಚಲೇಬೇಕು ಅಂತಲೂ ಇಲ್ಲ. ಬೋರ್ಡು ಬಲ ಕಳಕೊಂಡಿಲ್ಲ ಅಂದರೆ ನಾನು ತೆರೆದೇ ಬಿಡುತ್ತೇನೆ. ರೆಸಿಸ್ಟರ್ ಕೆಳಗೆ ಗಾಳಿಯಾಡುವುದಕ್ಕೂ ಅನುಕೂಲ. ಬಲ ಬೇಕೇ ಬೇಕು ಅನ್ನಿಸಿದರೆ ಹಸಿರು ಫೈಬರ್ ಗ್ಲಾಸ್ ಬೋರ್ಡಿನ ಒಂದು ತುಂಡು ಕತ್ತರಿಸಿ, ಅದರ ಮೇಲೆ ತಾಮ್ರ ಇದ್ದರೆ ಪೂರ್ತಿ ಕೆರೆದು ತೆಗೆದು, ಬಿಸಿ ಜಾಗದಿಂದ ದೂರದಲ್ಲಿ ಅಂಟಿಸಿ. ಇದಕ್ಕೆ ಎರಡು ಟ್ಯೂಬಿನ ಅರಾಲ್ಡೈಟ್ ಸಾಕು, ನಿಧಾನವಾಗಿ ಒಣಗುವಂಥದ್ದು. ಬೇಗ ಒಣಗುವ ಬಗೆ ಬಿಸಿಗೆ ಬೇಗ ಮೆತ್ತಗಾಗುತ್ತದೆ. ಎರಡರಲ್ಲಿ ಯಾವುದೂ ನೂರು ಡಿಗ್ರಿಯ ರೆಸಿಸ್ಟರ್ ಕೆಳಗೆ ಇರುವ ವಸ್ತು ಅಲ್ಲ.

ಕೆರೆದಾಯಿತು, ಕರಕಲು ಪೂರ್ತಿ ಹೋಯಿತಾ ಅಂತ ಹೇಗೆ ಗೊತ್ತಾಗುತ್ತದೆ? ಮಲ್ಟಿಮೀಟರ್‌ನ ಓಮ್ ರೇಂಜ್ ನಂಬಬೇಡಿ. ಅದು ಒಂದೆರಡು ವೋಲ್ಟಿನಲ್ಲಿ ಅಳೆಯುತ್ತದೆ, ಸೆಟ್ಟಿನಲ್ಲಿ ಆ ಜಾಗಕ್ಕೆ ಬೀಳುವುದು 40. ಕೆಲವು ಕರಕಲು ಕಡಿಮೆ ವೋಲ್ಟಿಗೆ ಸುಮ್ನೆ ಇದ್ದು ಜಾಸ್ತಿ ಕೊಟ್ಟಾಗ ಬಾಯಿ ಬಿಡುತ್ತದೆ. ಮೆಗ್ಗರ್ (ಜಾಸ್ತಿ ವೋಲ್ಟ್ ಕೊಟ್ಟು ಇನ್ಸುಲೇಷನ್ ಅಳೆಯುವ ಮೀಟರ್) ಇಲ್ಲದವರಿಗೆ ಒಂದು ಸುಲಭದ ದಾರಿ ಇದೆ. ಐದು 9 ವೋಲ್ಟ್ ಬ್ಯಾಟರಿಗಳನ್ನು ಒಂದಕ್ಕೊಂದು ಸಿಕ್ಕಿಸಿ, 45 ವೋಲ್ಟ್ ಆಗುತ್ತದೆ. ಮೀಟರನ್ನು ಡಿಸಿ ವೋಲ್ಟ್‌ನಲ್ಲೇ ಇಟ್ಟು, ಬ್ಯಾಟರಿಯ ಒಂದು ತುದಿಯನ್ನು ಒಂದು ಟ್ರ್ಯಾಕಿಗೆ ಕೊಡಿ, ಪಕ್ಕದ ಟ್ರ್ಯಾಕಿನಿಂದ ಮೀಟರ್ ಮೂಲಕ ಬ್ಯಾಟರಿಯ ಇನ್ನೊಂದು ತುದಿಗೆ ಸೇರಿಸಿ. ಸಾಮಾನ್ಯ ಡಿಜಿಟಲ್ ಮೀಟರ್‌ನ ಒಳಗೆ 10 ಮೆಗಾ ಓಮ್ ಇರುತ್ತದೆ. ಮೀಟರ್ 4.5 ವೋಲ್ಟ್ ತೋರಿಸಿದರೆ ಎರಡು ಟ್ರ್ಯಾಕ್‌ಗಳ ನಡುವೆ 90 ಮೆಗಾ ಓಮ್ ಇದೆ ಅಂತ ಅರ್ಥ. 0.45 ತೋರಿಸಿದರೆ ಹತ್ತಿರಹತ್ತಿರ 1000 ಮೆಗಾ ಓಮ್. ಸುಟ್ಟ ಜಾಗದಲ್ಲಿ ನಾನು ಅರ್ಧ ವೋಲ್ಟಿಗಿಂತ ಕೆಳಗೆ ಬರುವವರೆಗೆ ಕೆರೆಯುತ್ತೇನೆ. ಆ ಎರಡು ಟ್ರ್ಯಾಕ್‌ಗಳನ್ನು ಬೇರೆ ಯಾವ ಪಾರ್ಟೂ ಕೂಡಿಸಿರಬಾರದು, ಇದ್ದರೆ ಒಂದು ಕಾಲು ಎಬ್ಬಿಸಿ. ಇಲ್ಲದಿದ್ದರೆ ನೀವು ಆ ಪಾರ್ಟನ್ನೇ ಅಳೆಯುತ್ತಿರುತ್ತೀರಿ. ಬೋರ್ಡಿನ ಮೇಲೆ ಒಮ್ಮೆ ಬಾಯಿಂದ ಹಬೆ ಊದಿ ನೋಡಿ. ಅಂಕಿ ಮೇಲಕ್ಕೆ ಹಾರಿ ನಿಧಾನವಾಗಿ ಇಳಿದರೆ ಅಲ್ಲಿ ಇನ್ನೂ ಕೊಳೆಯೋ ಕರಕಲೋ ಇದೆ. ಉಡುಪಿಯ ಜುಲೈ ತಿಂಗಳಲ್ಲಿ ಅದು ಮತ್ತೆ ಮಾತಾಡುತ್ತದೆ.

ಎದ್ದ ಟ್ರ್ಯಾಕ್ ವಿಷಯ. ಅದನ್ನು ಮತ್ತೆ ಅಂಟಿಸುವ ಆಸೆ ಬೇಡ. ಎದ್ದಿರುವಷ್ಟನ್ನೂ ಕತ್ತರಿಸಿ ಎಸೆಯಿರಿ, ಗಟ್ಟಿಯಾಗಿ ಕೂತಿರುವ ಕಡೆಯಿಂದ ವೈರ್ ಎಳೆಯಿರಿ. ಬೋರ್ಡಿನ ತಾಮ್ರ ಸಾಮಾನ್ಯವಾಗಿ 35 ಮೈಕ್ರಾನ್ ದಪ್ಪ. 1 ಮಿಲಿಮೀಟರ್ ಅಗಲದ ಟ್ರ್ಯಾಕ್ ಅಂದರೆ 0.035 ಚದರ ಮಿಲಿಮೀಟರ್ ತಾಮ್ರ, ಅಷ್ಟೇ. 22 ಗೇಜಿನ ಒಂಟಿ ತಂತಿಯಲ್ಲಿ ಸುಮಾರು 0.4 ಇದೆ, ಹನ್ನೊಂದು ಮಿಲಿಮೀಟರ್ ಅಗಲದ ಟ್ರ್ಯಾಕಿಗೆ ಸಮ. ಹಾಗಾಗಿ ವೈರ್ ತಡೆಯುತ್ತದಾ ಅನ್ನುವ ಚಿಂತೆ ಬೇಡ, ನಿಮ್ಮ ರಿಪೇರಿ ಮೂಲಕ್ಕಿಂತ ಗಟ್ಟಿಯಾಗಿಯೇ ಇರುತ್ತದೆ. ಉಳಿದ ಟ್ರ್ಯಾಕ್ ಮೇಲಿನ ಹಸಿರು ಬಣ್ಣವನ್ನು ಐದಾರು ಮಿಲಿಮೀಟರ್ ಉದ್ದಕ್ಕೆ ಕೆರೆದು, ಫ್ಲಕ್ಸ್ ಹಚ್ಚಿ, ಮೊದಲು ಬರೀ ತವರ ಹಿಡಿಸಿ, ಆಮೇಲೆ ತಂತಿಯನ್ನು ಟ್ರ್ಯಾಕಿನ ಉದ್ದಕ್ಕೆ ಮಲಗಿಸಿ ಬೆಸೆಯಿರಿ. ತುದಿ ಮಾತ್ರ ಮುಟ್ಟಿಸಿ ಬೆಸೆದರೆ ಎಳೆದಾಗ ಟ್ರ್ಯಾಕ್ ಸಮೇತ ಬರುತ್ತದೆ. ಐರನ್ 320 ಡಿಗ್ರಿ ಆಸುಪಾಸು, ಒಂದು ಕಡೆ ಮೂರು ಸೆಕೆಂಡಿಗಿಂತ ಜಾಸ್ತಿ ಬೇಡ. ಫಿನಾಲಿಕ್ ಬೋರ್ಡಿಗೆ ತಾಮ್ರ ಅಂಟಿರುವುದು ಹೆಸರಿಗೆ ಮಾತ್ರ. ತಂತಿಗೆ ಸ್ಲೀವ್ ಹಾಕಿ. ಬಿಸಿ ಪಾರ್ಟಿನ ಹತ್ತಿರ ಹಾದುಹೋಗುತ್ತಿದ್ದರೆ ಫೈಬರ್ ಗ್ಲಾಸ್ ಸ್ಲೀವ್. ಬೇರೆ ಟ್ರ್ಯಾಕ್ ದಾಟುವ ಕಡೆ ಕೆಳಗೆ ಒಂದು ಪಟ್ಟಿ ಕ್ಯಾಪ್ಟಾನ್ ಟೇಪ್, ಆ ಜೇನಿನ ಬಣ್ಣದ್ದು, ಅದು 260 ಡಿಗ್ರಿವರೆಗೆ ತಡೆಯುತ್ತದೆ. ಕರೆಂಟಿನವರ ಕಪ್ಪು ಇನ್ಸುಲೇಷನ್ ಟೇಪನ್ನು ಮಾತ್ರ ಆಂಪ್ಲಿಫೈಯರ್ ಒಳಗೆ ತರಬೇಡಿ, ಬಿಸಿಗೆ ಅದರ ಅಂಟು ಇಳಿದು ಎಲ್ಲ ಕಡೆ ಮೆತ್ತಿಕೊಳ್ಳುತ್ತದೆ.

ಹೊಸ ರೆಸಿಸ್ಟರ್ ಅದೇ ಓಮ್, ಆದರೆ 3 ವಾಟಿನ ಮೆಟಲ್ ಆಕ್ಸೈಡ್. ದೊಡ್ಡದು ಹಾಕಿದರೆ ಬಿಸಿ ಕಡಿಮೆ ಆಗುತ್ತದೆ ಅಂತ ತಿಳಿಯಬೇಡಿ. ಹುಟ್ಟುವ ಬಿಸಿ ಅಷ್ಟೇ, ಮೈ ದೊಡ್ಡದಾದ್ದರಿಂದ ಹರಡುತ್ತದೆ. ಸರ್ಕ್ಯೂಟ್ ನಕ್ಷೆಯಲ್ಲಿ ಆ ರೆಸಿಸ್ಟರ್ ಪಕ್ಕ ತ್ರಿಕೋನದೊಳಗೆ ಆಶ್ಚರ್ಯಸೂಚಕ ಚಿಹ್ನೆ ಇದ್ದರೆ ಅದು ಸುರಕ್ಷತೆಗೆ ಹಾಕಿದ ಪಾರ್ಟು. ಫ್ಯೂಸಿಬಲ್, ಅಂದರೆ ಕರೆಂಟು ಮಿತಿಮೀರಿದರೆ ಫ್ಯೂಸಿನ ಹಾಗೆ ತಾನೇ ಕಡಿದುಹೋಗುವ ಬಗೆ, ಅಂತ ಹೇಳಿದ್ದರೆ ಫ್ಯೂಸಿಬಲ್ಲೇ ಹಾಕಿ, ವಾಟ್ ಕೂಡ ಮನಸ್ಸಿಗೆ ಬಂದಂತೆ ಏರಿಸಬೇಡಿ. ಕಾಲು ಉದ್ದ ಬಿಟ್ಟು ಬೋರ್ಡಿನಿಂದ ಕನಿಷ್ಠ 1 ಸೆಂಟಿಮೀಟರ್ ಮೇಲೆ ನಿಲ್ಲಿಸಿ, ಸೆರಾಮಿಕ್ ಮಣಿ ಸಿಕ್ಕರೆ ಕಾಲಿಗೆ ಪೋಣಿಸಿ. ಬೋರ್ಡಿನಲ್ಲಿ ಕಾಲೂರಲು ಜಾಗವೇ ಉಳಿದಿಲ್ಲ ಅಂದರೆ ಇನ್ನೂ ಒಳ್ಳೆಯದು, ಒಂದು ಟ್ಯಾಗ್ ಸ್ಟ್ರಿಪ್ (ಬೆಸೆಯಲು ಲೋಹದ ಕಾಲುಗಳಿರುವ ಇನ್ಸುಲೇಟರ್ ಪಟ್ಟಿ) ತಂದು ಚಾಸಿಗೆ, ಅಂದರೆ ಸೆಟ್ಟಿನ ಲೋಹದ ಚೌಕಟ್ಟಿಗೆ, ಸ್ಕ್ರೂ ಹಾಕಿ, ರೆಸಿಸ್ಟರ್‌ಗಳನ್ನು ಅಲ್ಲಿ ಕೂರಿಸಿ ವೈರ್ ಎಳೆದುಬಿಡಿ. ನೋಡಲು ಸ್ವಲ್ಪ ಹಳ್ಳಿ ರಿಪೇರಿ ತರಹ ಕಾಣಬಹುದು. ನನಗಂತೂ ಅದೇ ಇಷ್ಟ, ಬಿಸಿ ಬೋರ್ಡಿನಿಂದಲೇ ಆಚೆ ಹೋಯಿತಲ್ಲ. ಟ್ಯಾಗ್‌ನ ಯಾವ ಕಾಲು ಚಾಸಿಗೆ ಸೇರಿದೆ ಅಂತ ನೋಡಿಕೊಳ್ಳಿ, ಅದಕ್ಕೆ 40 ವೋಲ್ಟ್ ಬೆಸೆದರೆ ಹೊಗೆ ಗ್ಯಾರಂಟಿ.

ಝೀನರ್‌ಗಳನ್ನೂ ಬದಲಿಸಿ, 15 ವೋಲ್ಟ್ 1 ವಾಟ್ ಆದರೆ 1ಎನ್4744ಎ. ಪಕ್ಕದ ಸಣ್ಣ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳು ಇಷ್ಟು ವರ್ಷ ಒಲೆಯ ಪಕ್ಕ ಕೂತಿದ್ದವು, 105 ಡಿಗ್ರಿಯವನ್ನು ತಂದು ಹಾಕಿ. ಹಾಗೇ ದೊಡ್ಡ ಕೆಪಾಸಿಟರ್‌ಗಳ ಬುಡದಲ್ಲಿ ಹಳದಿಯಿಂದ ಕಂದು ಬಣ್ಣಕ್ಕೆ ತಿರುಗಿದ ಗಟ್ಟಿ ಅಂಟು ಇದೆಯಾ ನೋಡಿ. ಕಾರ್ಖಾನೆಯಲ್ಲಿ ಪಾರ್ಟ್ಸ್ ಅಲುಗದಿರಲಿ ಅಂತ ಹಾಕಿದ್ದು. ಹಳೇ ಜಪಾನಿ ಸೆಟ್ಟುಗಳಲ್ಲಿ ಇದೊಂದು ದೊಡ್ಡ ಪೀಡೆ, ಬಿಸಿಯಲ್ಲಿ ಹಳತಾದಂತೆ ಅದೇ ಕರೆಂಟು ಹರಿಸಲು ಶುರು ಮಾಡುತ್ತದೆ, ಕಾಲುಗಳನ್ನೂ ತಿಂದುಹಾಕುತ್ತದೆ. ಅದನ್ನೂ ಕೆರೆಯಿರಿ. ಹಲ್ಲಿ ಜಿರಳೆಗಳ ಹಿಕ್ಕೆ ಇದ್ದರೂ ಹಾಗೆಯೇ. ಮಳೆಗಾಲದಲ್ಲಿ ಬೆಚ್ಚಗಿನ ಜಾಗ ಅಂತ ಅವು ಒಳಗೆ ಸೇರುತ್ತವೆ, ಬಿಟ್ಟು ಹೋಗುವುದು ತಾಮ್ರಕ್ಕೆ ವಿಷ.

ಈಗ ಬಂದೆ ನಿಮ್ಮ ಪ್ರಶ್ನೆಗೆ. ಹಚ್ಚುವ ಮೊದಲು 99 ಪರ್ಸೆಂಟ್ ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಹಳೇ ಟೂತ್ ಬ್ರಶ್‌ನಿಂದ ಫ್ಲಕ್ಸ್ ತೊಳೆದು, ಹೇರ್ ಡ್ರೈಯರ್‌ನಿಂದ ಚೆನ್ನಾಗಿ ಒಣಗಿಸಿ. ಕೊಳೆ, ತೇವದ ಮೇಲೆ ಹಚ್ಚಿದರೆ ಅವನ್ನು ಒಳಗೇ ಕೂಡಿಹಾಕಿದಂತೆ, ಕರಾವಳಿಯಲ್ಲಿ ಅದರ ಜೊತೆ ಉಪ್ಪೂ ಇರುತ್ತದೆ.

ನೇಲ್ ಪಾಲಿಶ್ ಬೇಡ. ಅದರಲ್ಲಿರುವುದು ನೈಟ್ರೋಸೆಲ್ಯುಲೋಸ್, ಒಣಗಿದ ಮೇಲೂ ಬೆಂಕಿಗೆ ಬೇಗ ಸಿಗುವ ವಸ್ತು. ಪ್ರಿಸೆಟ್ (ಸ್ಕ್ರೂಡ್ರೈವರ್‌ನಿಂದ ತಿರುಗಿಸಿ ಹೊಂದಿಸುವ ಸಣ್ಣ ರೆಸಿಸ್ಟರ್) ತಿರುಗದ ಹಾಗೆ ಒಂದು ಹನಿ ಇಡಲು ಪರವಾಗಿಲ್ಲ. ಗ್ಲೂ ಗನ್ ಅಂಟು ಬಿಸಿಗೆ ಕರಗುತ್ತದೆ. ಬಾತ್‌ರೂಮ್ ಸಿಲಿಕೋನ್ ತಂದು ಹಚ್ಚುವವರೂ ಇದ್ದಾರೆ. ಒಣಗುವಾಗ ವಿನೆಗರ್ ವಾಸನೆ ಬರುವ ಬಗೆ ಆಮ್ಲ ಬಿಡುತ್ತದೆ, ತಾಮ್ರ ಹಸಿರಾಗುತ್ತದೆ. ಸಿಲಿಕೋನ್ ಬೇಕೇ ಬೇಕಾದರೆ ನ್ಯೂಟ್ರಲ್ ಕ್ಯೂರ್ ಅಂತ ಬರೆದಿದ್ದನ್ನು ಕೇಳಿ ತನ್ನಿ.

ಸರಿಯಾದದ್ದು ಅಕ್ರಿಲಿಕ್ ಕನ್ಫಾರ್ಮಲ್ ಕೋಟಿಂಗ್ ಸ್ಪ್ರೇ, ಬೋರ್ಡಿಗೆ ತೇವ ತಾಗದಂತೆ ಕಾಯುವ ತೆಳು ಲೇಪ. ಬೆಸುಗೆಯ ಕಡೆಗೆ ತೆಳುವಾಗಿ ಒಂದು ಸಲ, ಒಣಗಿದ ಮೇಲೆ ಅಡ್ಡಡ್ಡವಾಗಿ ಇನ್ನೊಂದು ಸಲ. ದಪ್ಪಕ್ಕೆ ಒಮ್ಮೆಲೇ ಹೊಡೆದರೆ ಒಳಗೆ ಗುಳ್ಳೆ ನಿಲ್ಲುತ್ತದೆ. ಮುಂದೆ ಬೇಕಾದಾಗ ಅದರ ಮೇಲೇ ಬೆಸೆಯಬಹುದು, ಇದು ದೊಡ್ಡ ಅನುಕೂಲ. ಪ್ರಿಸೆಟ್, ರಿಲೇ, ಸ್ವಿಚ್, ಕನೆಕ್ಟರ್, ವಾಲ್ಯೂಮ್ ಕಂಟ್ರೋಲ್ ಇವಕ್ಕೆ ಮೊದಲೇ ಟೇಪ್ ಸುತ್ತಿ, ಒಂದು ಹನಿ ಒಳಗೆ ಹೋದರೂ ಆ ಪಾರ್ಟು ಕೆಟ್ಟಿತು. ಸ್ಪ್ರೇ ಸಿಗದಿದ್ದರೆ ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ಇನ್ಸುಲೇಟಿಂಗ್ ವಾರ್ನಿಶ್ ಸಿಗುತ್ತದೆ, ಗಾಳಿಗೆ ಒಣಗುವಂಥದ್ದು ಕೇಳಿ, ಒಲೆಯಲ್ಲಿ ಬೇಯಿಸುವ ಬಗೆ ಬೇಡ. ಬ್ರಶ್‌ನಲ್ಲಿ ಹಚ್ಚಬಹುದು. ಬರೀ ಕೆರೆದ ಟ್ರ್ಯಾಕ್ ಮುಚ್ಚಲು ಮೊಬೈಲ್ ರಿಪೇರಿಯವರು ಬಳಸುವ ಹಸಿರು ಯುವಿ ಮಾಸ್ಕ್ (ಯುವಿ ಬೆಳಕು ಬಿಟ್ಟರೆ ಗಟ್ಟಿಯಾಗುವ ಲೇಪ) ಕೂಡ ಚೆನ್ನಾಗಿದೆ. ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಇವೆಲ್ಲ ಒಂದೇ ಸುತ್ತಿನಲ್ಲಿ ಸಿಗುತ್ತವೆ, ಅಷ್ಟು ದೂರ ಬರಲಾಗದಿದ್ದರೆ ಆನ್‌ಲೈನ್‌ನಲ್ಲೂ ಇವೆ.

ಒಂದು ಜಾಗದಲ್ಲಿ ಮಾತ್ರ ಈ ಯಾವ ಉಪಾಯವೂ ಬೇಡ. 230 ವೋಲ್ಟ್ ಒಳಬರುವ ಕಡೆ, ಅಂದರೆ ಪವರ್ ಸ್ವಿಚ್, ಮುಖ್ಯ ಫ್ಯೂಸ್, ಟ್ರಾನ್ಸ್‌ಫಾರ್ಮರ್‌ನ ಮೊದಲ ಬದಿ. ಅಲ್ಲಿ ಬೋರ್ಡು ಕರಕಲಾಗಿದ್ದರೆ ಕೆರೆಯುತ್ತಾ ಕೂರಬೇಡಿ, ಆ ಬೋರ್ಡಿನ ತುಂಡನ್ನೇ ತೆಗೆದು ಹೊಸ ಫೈಬರ್ ಗ್ಲಾಸ್ ತುಂಡಿನಲ್ಲಿ ಮಾಡಿ. 230 ಇರುವ ಲೋಹಕ್ಕೂ ಒಳಗಿನ ಕಡಿಮೆ ವೋಲ್ಟೇಜಿನ ಲೋಹಕ್ಕೂ ಬೋರ್ಡಿನ ಮೇಲ್ಮೈಯಲ್ಲಿ 6 ಮಿಲಿಮೀಟರ್‌ಗಿಂತ ಕಡಿಮೆ ಅಂತರ ಬಿಡಬೇಡಿ, ಜಾಸ್ತಿ ಇದ್ದಷ್ಟೂ ಒಳ್ಳೆಯದು. ಸ್ವಿಚ್ಚಿನ ಮೇಲಿನ ಸ್ಪಾರ್ಕ್ ಕೆಪಾಸಿಟರ್ ಹೋಗಿದ್ದರೆ ಎಕ್ಸ್2 ಅಂತ ಬರೆದಿರುವುದನ್ನೇ ಹಾಕಿ. ಫ್ಯೂಸ್ ಬದಲು ತಂತಿ ಸುತ್ತಿರುವುದು ಕಂಡರೆ ಈಗಲೇ ತೆಗೆಯಿರಿ, ಹಳೇ ಸೆಟ್ಟುಗಳಲ್ಲಿ ಇದು ಬೇಕಾದಷ್ಟು ಸಿಗುತ್ತದೆ.

ಕೊನೆಗೆ ಆನ್ ಮಾಡುವುದು. ನೇರವಾಗಿ ಬೇಡ, 60 ವಾಟಿನ ಹಳೇ ಫಿಲಮೆಂಟ್ ಬಲ್ಬನ್ನು ಸೀರೀಸ್‌ನಲ್ಲಿ ಹಾಕಿ. ಎಲ್‌ಇಡಿ ಬಲ್ಬು ಈ ಕೆಲಸಕ್ಕೆ ಬರುವುದಿಲ್ಲ. ಸ್ಪೀಕರ್ ಬಿಚ್ಚಿಡಿ. ಬಲ್ಬು ಒಮ್ಮೆ ಜೋರಾಗಿ ಹತ್ತಿ ಮಂಕಾದರೆ ಸರಿ, ಹಾಗೇ ಉರಿಯುತ್ತಿದ್ದರೆ ಆಫ್ ಮಾಡಿ ಎಲ್ಲೋ ಶಾರ್ಟ್ ಇದೆ ಅಂತ ಹುಡುಕಿ. ಮಂಕಾದ ಮೇಲೆ 15 ವೋಲ್ಟ್ ಎರಡೂ ಕಡೆ ಬರುತ್ತಿದೆಯಾ ಅಳೆಯಿರಿ. ಬಲ್ಬಿರುವಾಗ ಸ್ವಲ್ಪ ಕಡಿಮೆ ತೋರಿಸಬಹುದು. ಆಮೇಲೆ ಬಲ್ಬು ತೆಗೆದು ನೇರ ಕೊಟ್ಟು, ರಿಲೇ ಟಕ್ ಅಂದ ಮೇಲೆ ಸ್ಪೀಕರ್ ಟರ್ಮಿನಲ್‌ನಲ್ಲಿ ಡಿಸಿ ನೋಡಿ. 50 ಮಿಲಿವೋಲ್ಟ್ ಒಳಗಿದ್ದರೆ ಸ್ಪೀಕರ್ ಹಾಕಬಹುದು. ರಿಲೇ ಟಕ್ ಅನ್ನದಿದ್ದರೆ ಅದಕ್ಕೆ ವೈರ್ ಅಡ್ಡ ಹಾಕಿ ಓಡಿಸಬೇಡಿ, ಅದು ನಿಮ್ಮ ಸ್ಪೀಕರನ್ನು ಕಾಯುತ್ತಾ ನಿಂತಿದೆ. ಮುಚ್ಚಳ ಮುಚ್ಚಿ ಒಂದು ಗಂಟೆ ಓಡಿಸಿ, ಆಫ್ ಮಾಡಿ ಪ್ಲಗ್ ಕಿತ್ತು, ಕೆಪಾಸಿಟರ್ ಖಾಲಿ ಮಾಡಿ, ರೆಸಿಸ್ಟರ್ ಕೆಳಗಿನ ಬೋರ್ಡಿಗೆ ಬೆರಳಿಟ್ಟು ನೋಡಿ. ಬೆಚ್ಚಗಿದ್ದರೆ ಸಾಕು. ಬೆರಳು ಇಡಲಾಗದಷ್ಟು ಬಿಸಿಯಿದ್ದರೆ ರೆಸಿಸ್ಟರನ್ನು ಇನ್ನೂ ಮೇಲೆತ್ತಿ, ಇಲ್ಲವೇ ಟ್ಯಾಗ್ ಸ್ಟ್ರಿಪ್‌ಗೆ ಸಾಗಿಸಿ.